ಮೆಟಾಲ್ಡಿಹೈಡ್ ಹಾಕಿದ ಮಾರನೇ ದಿನ ಕೆಂಪು ಬಸವನಹುಳುವೂ ಸತ್ತಿತ್ತು. ಇವುಗಳ ಲೆಕ್ಕ ಇಡುವವರು ಯಾರು?

ಶನಿವಾರಸಂತೆ_ತೋಟ
ಎಲ್ಲರಿಗೂ ನಮಸ್ಕಾರ. ಕೊಡಗಿನ ಶನಿವಾರಸಂತೆ ಕಡೆ ನಮ್ಮದು ಹನ್ನೊಂದು ಎಕರೆ ಕಾಫಿ, ನಡುನಡುವೆ ಮೆಣಸು, ಬಾಳೆ. ಆಫ್ರಿಕನ್ ಬಸವನಹುಳುವಿನ ಕಾಟ ನಮ್ಮ ಭಾಗಕ್ಕೆ ಹೊಸದಲ್ಲ. ಮಳೆ ಹಿಡಿದ ರಾತ್ರಿ ಟಾರ್ಚ್ ಬಿಟ್ಟರೆ ಬಾಳೆ ಬುಡದಲ್ಲಿ, ಮೆಣಸಿನ ಬಳ್ಳಿಯ ಮೇಲೆ, ಮನೆ ಗೋಡೆಯಲ್ಲಿ ಎಲ್ಲೆಲ್ಲೂ ಅವೇ. ಈ ಸಲವೂ ಒದ್ದೆ ಗೋಣಿಚೀಲ ಹಾಸಿ, ಪಪ್ಪಾಯಿ ಕಾಂಡದ ತುಂಡು ಇಟ್ಟು ಹೆಕ್ಕಿದೆವು. ಹಳ್ಳದ ಬದಿಗೆ ಹೋಗಿ ಹೆಕ್ಕುವುದು ಕಷ್ಟ ಅಂತ ಅಲ್ಲಿ ಬಸವನಹುಳು ಕೊಲ್ಲುವ ಮೆಟಾಲ್ಡಿಹೈಡ್ ವಿಷದ ಗುಳಿಗೆ ಹಾಕಿದೆವು.

ಮಾರನೇ ಬೆಳಿಗ್ಗೆ ಹಲಸಿನ ಮರದ ಬುಡದಲ್ಲಿ ಬೇರೆಯೇ ಒಂದು ಹುಳ ಸತ್ತು ಬಿದ್ದಿತ್ತು. ಚಿಪ್ಪು ತೆಳ್ಳಗೆ, ಎಣ್ಣೆ ಸವರಿದ ಹಾಗೆ ಹೊಳಪು. ಮೈ ಕುಂಕುಮದ ಕೆಂಪು. ಪಕ್ಕದಲ್ಲಿ ಇನ್ನೂ ಎರಡು. ಒಂದು ಇನ್ನೂ ನೊರೆ ಬಿಡುತ್ತಾ ಒದ್ದಾಡುತ್ತಿತ್ತು. ನನಗೆ ತುಂಬಾ ಬೇಜಾರಾಯಿತು. ಚಿಕ್ಕವನಿದ್ದಾಗ ಮಳೆಗಾಲದಲ್ಲಿ ಇದನ್ನು ನೋಡಿದ ನೆನಪಿದೆ. ಈಚೆಗೆ ನೋಡೇ ಇರಲಿಲ್ಲ, ನೋಡಿದ್ದು ಸತ್ತ ಮೇಲೆ.

ಫೋಟೊ ತೆಗೆದುಕೊಂಡು ಒಂದು ಕಚೇರಿಗೆ ಹೋದೆ. ‘ಎರಡೂ ಬಸವನಹುಳುವೇ, ಸಾಯಲಿ ಬಿಡಿ’ ಅಂದರು. ಆನೆಗೆ ಲೆಕ್ಕ ಇದೆ, ಹುಲಿಗೆ ಲೆಕ್ಕ ಇದೆ. ನೆಲದ ಮೇಲೆ, ತರಗೆಲೆಯ ಕೆಳಗೆ ಇರುವ ಈ ಬೆನ್ನೆಲುಬಿಲ್ಲದ ಜೀವಿಗಳ ಲೆಕ್ಕ ಯಾರು ಇಡುತ್ತಾರೆ? ನಮ್ಮ ತೆರಿಗೆ ದುಡ್ಡಿನಲ್ಲಿ ಇದಕ್ಕೆ ಏನಾದರೂ ಹೋಗುತ್ತದಾ?

ಮಂಜಿನೂರು
ಫೋಟೊ ಹಾಕಿ ಮೊದಲು.

ಶನಿವಾರಸಂತೆ_ತೋಟ
ಹಾಕಿದ್ದೇನೆ ನೋಡಿ, ಮೂರು ಇವೆ.

ತರಗೆಲೆ
ಇಂಡ್ರೆಲ್ಲಾ ಆಂಪುಲ್ಲಾ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಇಂಡ್ರೆಲ್ಲಾ ಅನ್ನುವ ಕುಲದಲ್ಲಿ ಇರುವುದೇ ಇದೊಂದು ಪ್ರಭೇದ. ಮೈಬಣ್ಣ ಕೆಂಪೇ ಇರಬೇಕಿಲ್ಲ, ಹಳದಿ ಛಾಯೆಯವೂ ಇವೆ. ನಾನು ಪ್ರಾಣಿಶಾಸ್ತ್ರ ಪಾಠ ಮಾಡುವವನು. ಈ ಹುಳದ ಕಥೆ ಹೇಳದೆ ಇರಲಾರೆ.

ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಬೆನ್ಸನ್ ಅಂತ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ವರ್ಷ 1850. ಅದಕ್ಕೆ ಮೂರು ವರ್ಷ ಮೊದಲು, 1847ರಲ್ಲಿ, ಮಾರಿಷಸ್‌ನಿಂದ ಬಂದ ಆಫ್ರಿಕನ್ ಬಸವನಹುಳುವನ್ನು ಕಲ್ಕತ್ತಾದ ಚೌರಂಗಿಯ ತೋಟದಲ್ಲಿ ಬಿಟ್ಟವರೂ ಇದೇ ಬೆನ್ಸನ್. ನಿಮ್ಮ ತೋಟದ ಈ ಎರಡೂ ಹುಳದ ಕಥೆಯಲ್ಲಿ ಇರುವುದು ಒಬ್ಬನೇ ಮನುಷ್ಯ. ಒಂದಕ್ಕೆ ಹೆಸರು ಕೊಟ್ಟ, ಇನ್ನೊಂದಕ್ಕೆ ದಾರಿ ಬಿಟ್ಟ.

ಮೆಟಾಲ್ಡಿಹೈಡ್‌ಗೆ ನಮ್ಮದು ಪರರದ್ದು ಅನ್ನುವ ಭೇದ ಇಲ್ಲ. ಬಸವನಹುಳು, ಚಿಪ್ಪಿಲ್ಲದ ಗೊಂಡೆಹುಳು ಎಲ್ಲ ಸಾಯುತ್ತವೆ. ನಾಯಿ ತಿಂದರೂ ಅಪಾಯ, ಹುಷಾರು.

ರೊಬಸ್ಟಾ_ರೈತ
ಎಲ್ಲ ಸರಿ. ಆದರೆ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕಾಯಿಕೊರಕ, ಕಾಂಡಕೊರಕ, ಆನೆ, ಕೂಲಿಯಾಳು, ರೇಟು... ಇಷ್ಟರ ನಡುವೆ ಕೆಂಪು ಹುಳ ಎಣಿಸುವುದಕ್ಕೆ ಸರ್ಕಾರ ದುಡ್ಡು ಕೊಡಬೇಕಾ? ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಲ್ವಾ ಇದು? ತೋಟಕ್ಕೆ ಕೆಡುಕು ಮಾಡುವ ಹುಳದ ಬಗ್ಗೆ ಸಂಶೋಧನೆ ಮಾಡಲಿ, ನಾನು ಬೇಡ ಅನ್ನುವುದಿಲ್ಲ.

ಹಳೇ_ಬೆಳೆಗಾರ
@ರೊಬಸ್ಟಾ_ರೈತ ಕಾಯಿಕೊರಕದ ಮಾತು ತೆಗೆದಿರಲ್ಲ, ಅದನ್ನೇ ನೋಡೋಣ. ನಮ್ಮ ದೇಶದಲ್ಲಿ ಅದು ಮೊದಲು ಸಿಕ್ಕಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಎರಡು ಮಿಲಿಮೀಟರ್‌ನಷ್ಟೂ ಇಲ್ಲದ ಕಪ್ಪು ದುಂಬಿ. ಅಂಥ ಸಾವಿರಾರು ದುಂಬಿ ಕಾಡಿನಲ್ಲಿವೆ. ಅದು ಅದೇ ಅಂತ ಹೇಳುವುದಕ್ಕೆ ಆಗಿದ್ದು ಹೇಗೆ? 1867ರಲ್ಲಿ ಫೆರಾರಿ ಅನ್ನುವವರು ಅದನ್ನು ವಿವರಿಸಿ ಹೆಸರಿಟ್ಟಿದ್ದರು. ಆವತ್ತು ಯಾರಾದರೂ ‘ಈ ದುಂಬಿಗೆ ಹೆಸರು ಯಾಕೆ’ ಅಂದಿದ್ದರೆ? ಹೆಸರು ಸಿಕ್ಕಿತು, ಹೆಸರಿನ ಜೊತೆಗೆ ಬೇರೆ ದೇಶದವರು ನೂರು ವರ್ಷದಲ್ಲಿ ಕಲಿತದ್ದೆಲ್ಲ ಸಿಕ್ಕಿತು. ಕಾಫಿ ಬೋರ್ಡ್‌ನವರು ಮೆಕ್ಸಿಕೊದಿಂದ ಪರಾವಲಂಬಿ ಕಣಜ ತರಿಸಿದರು, ದುಂಬಿಗೆ ರೋಗ ತರುವ ಬ್ಯುವೇರಿಯಾ ಶಿಲೀಂಧ್ರ ಕೊಟ್ಟರು, ದುಂಬಿ ಹಿಡಿಯುವ ಬ್ರೋಕಾ ಟ್ರ್ಯಾಪ್ ಕೊಟ್ಟರು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ನಮ್ಮ ಚೆಟ್ಟಳ್ಳಿ ಉಪಕೇಂದ್ರವೂ ಇದೆ. ಎಲ್ಲ ಸರ್ಕಾರದ ದುಡ್ಡೇ.

ಔಷಧ ಕಂಪನಿ ಔಷಧದ ಪ್ರಯೋಗಕ್ಕೆ ದುಡ್ಡು ಹಾಕುತ್ತದೆ. ಹುಳಕ್ಕೆ ಹೆಸರಿಡುವುದಕ್ಕೆ ಹಾಕುವುದಿಲ್ಲ. ಅದರಿಂದ ಅವರಿಗೆ ಮಾರುವುದಕ್ಕೆ ಏನೂ ಸಿಗುವುದಿಲ್ಲ.

ರೊಬಸ್ಟಾ_ರೈತ
ಒಪ್ಪಿದೆ. ಆದರೂ ಅದು ಪೀಡೆಹುಳ. ಕೆಂಪು ಬಸವನಹುಳು ನಾಳೆ ಪೀಡೆ ಆಗುತ್ತದಾ?

ತರಗೆಲೆ
ಆಗುವುದಿಲ್ಲ. ಅದಕ್ಕೇ ಅದನ್ನು ಆಫ್ರಿಕನ್ ಹುಳದಿಂದ ಬೇರೆ ಮಾಡಿ ನೋಡಬೇಕು ಅನ್ನುವುದು.

ಕುಶಾಲನಗರ_ಕಿಟ್ಟಿ
ಆಫ್ರಿಕನ್ ಹುಳ ತಿನ್ನುವ ಇನ್ನೊಂದು ಬಸವನಹುಳು ಇದೆಯಂತಲ್ಲ? ಅದನ್ನು ತಂದು ಬಿಟ್ಟರೆ ಮುಗಿಯಿತು. ವಿಷವೂ ಬೇಡ, ಹೆಕ್ಕುವುದೂ ಬೇಡ.

ತರಗೆಲೆ
ದಯವಿಟ್ಟು ಬೇಡ! ಹವಾಯಿಯಲ್ಲಿ 1955ರಲ್ಲಿ ಇದನ್ನೇ ಮಾಡಿದರು. ಯೂಗ್ಲಾಂಡಿನಾ ಅನ್ನುವ ಬೇಟೆ ಬಸವನಹುಳು ತಂದು ಬಿಟ್ಟರು. ಅದು ಆಫ್ರಿಕನ್ ಹುಳವನ್ನು ಮುಗಿಸಲಿಲ್ಲ, ಅಲ್ಲಿನ ಮರದ ಮೇಲಿನ ನಾಡ ಬಸವನಹುಳುಗಳನ್ನು ತಿಂದು ಹಾಕಿತು. ಎಷ್ಟೋ ಪ್ರಭೇದ ಪೂರ್ತಿ ಅಳಿದವು. ಕಾವಲಿಗೆ ತಂದ ಬೇಲಿಯೇ ಹೊಲ ಮೇಯ್ದಿತು.

ಹಳೇ_ಬೆಳೆಗಾರ
ಆದರೆ ಹೊರಗಿನಿಂದ ತಂದದ್ದೆಲ್ಲ ಕೆಟ್ಟದ್ದು ಅಂತಲ್ಲ. ಪಪ್ಪಾಯಿ ಹಿಟ್ಟುತಿಗಣೆ ನೆನಪಿದೆಯಾ? 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು, ಆಮೇಲೆ ಪಪ್ಪಾಯಿ, ಹಿಪ್ಪುನೇರಳೆ ಎಲ್ಲ ಬೆಳ್ಳಗಾದವು. ಬೆಂಗಳೂರು ಹೆಬ್ಬಾಳದ ಕೇಂದ್ರ ಸರ್ಕಾರದ ಕೃಷಿ ಕೀಟ ಸಂಸ್ಥೆಯವರು, ಈಗ ಎನ್‌ಬಿಎಐಆರ್ ಅನ್ನುತ್ತಾರಲ್ಲ ಅವರು, 2010ರಲ್ಲಿ ಪೋರ್ಟರಿಕೊದಿಂದ ಸಣ್ಣ ಕಣಜ ತರಿಸಿದರು. ಅಸಿರೋಫೇಗಸ್ ಪಪಾಯೇ. ಮೊದಲು ಬೀಗ ಹಾಕಿದ ಪ್ರಯೋಗಾಲಯದಲ್ಲಿ ಸಾಕಿ, ಬೇರೆ ಹುಳಕ್ಕೆ ತೊಂದರೆ ಮಾಡುತ್ತದಾ ಅಂತ ನೋಡಿ ಆಮೇಲೆ ಬಿಟ್ಟರು. ಅದು ಆ ತಿಗಣೆಯ ಮೈಯೊಳಗೆ ಮಾತ್ರ ಮೊಟ್ಟೆ ಇಡುತ್ತದೆ. ಕೆಲವೇ ತಿಂಗಳಲ್ಲಿ ತೋಟಗಳು ಸುಧಾರಿಸಿದವು. ಹವಾಯಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ. ಇಲ್ಲಿ ಯಾವ ಹುಳ ಯಾವುದನ್ನು ತಿನ್ನುತ್ತದೆ ಅಂತ ಮೊದಲು ಕೂತು ತಿಳಿದುಕೊಂಡರು.

ಮಂಜಿನೂರು
ಹೌದು, ನಮ್ಮ ಹಿತ್ತಲಿನ ಪಪ್ಪಾಯಿ ಉಳಿದದ್ದು ಹಾಗೇ. ಯಾರು ಮಾಡಿದ್ದು ಅಂತ ಇವತ್ತು ಗೊತ್ತಾಯಿತು.

ಇಂಬಳ_ಕಾಲು
ಇಷ್ಟೆಲ್ಲ ಹುಳದ ಮಾತಾಯಿತು, ಇಂಬಳ ಬಿಟ್ಟರೆ ಹೇಗೆ? ಅದರಿಂದ ಏನಾದರೂ ಉಪಯೋಗ ಇದೆಯಾ? ನಿನ್ನೆ ಪುಷ್ಪಗಿರಿ ಕಡೆ ಹೋಗಿ ಹದಿನಾಲ್ಕು ಕಿತ್ತೆ.

ಚೀಲ_ಹೊತ್ತವಳು
ಇದೆ. 2012ರಲ್ಲಿ ವಿಯೆಟ್ನಾಂ ಕಾಡಿನ ಇಂಬಳಗಳ ಹೊಟ್ಟೆಯ ರಕ್ತದಿಂದ ಡಿಎನ್‌ಎ ತೆಗೆದು, ಆ ಕಾಡಿನಲ್ಲಿ ಯಾವ ಪ್ರಾಣಿಗಳಿವೆ ಅಂತ ಪತ್ತೆ ಮಾಡಿದರು. ಕ್ಯಾಮೆರಾಗೂ ಸರಿಯಾಗಿ ಸಿಗದ ಪಟ್ಟೆ ಮೊಲದ ಸುಳಿವು ಇಂಬಳದಲ್ಲಿ ಸಿಕ್ಕಿತು. ಅಂದರೆ ನೀವು ಕಿತ್ತು ಬಿಸಾಡಿದ್ದು ಕಾಡಿನ ಹಾಜರಿ ಪುಸ್ತಕ.

ಹಾಗೇ ಮೊದಲ ಪ್ರಶ್ನೆಗೂ ಉತ್ತರ ಕೊಡುತ್ತೇನೆ. ನಾನು ಸಂಶೋಧನಾ ವಿದ್ಯಾರ್ಥಿನಿ, ತೋಟ ಮತ್ತು ದೇವರಕಾಡಿನ ತರಗೆಲೆ ಇರುವೆಗಳ ಮೇಲೆ ಕೆಲಸ. ಲೆಕ್ಕ ಹೇಗೆ ಇಡುತ್ತೇವೆ ಅಂತ ಹೇಳುತ್ತೇನೆ. ಒಂದು ಚದರ ಮೀಟರ್ ಜಾಗಕ್ಕೆ ಹಗ್ಗದಲ್ಲಿ ಗುರುತು ಹಾಕುತ್ತೇವೆ. ಅದರೊಳಗಿನ ತರಗು ಪೂರ್ತಿ ಬಾಚಿ ಜರಡಿ ಹಿಡಿಯುತ್ತೇವೆ. ಬಿದ್ದ ಪುಡಿಯನ್ನು ಬಲೆಚೀಲಕ್ಕೆ ತುಂಬಿ, ಅದನ್ನು ಬಟ್ಟೆಚೀಲದೊಳಗೆ ನೇತು ಹಾಕುತ್ತೇವೆ. ತಳದಲ್ಲಿ ಆಲ್ಕೋಹಾಲ್ ಇರುವ ಸಣ್ಣ ಬಾಟಲಿ. ತರಗು ಒಣಗುತ್ತಾ ಬಂದ ಹಾಗೆ ಜೀವಿಗಳು ತೇವ ಹುಡುಕಿಕೊಂಡು ಓಡಾಡುತ್ತವೆ, ಜಾರಿ ಬಾಟಲಿಗೆ ಬೀಳುತ್ತವೆ. ಎರಡು ಮೂರು ದಿನ ಬೇಕು. ಇದಕ್ಕೆ ವಿಂಕ್ಲರ್ ಚೀಲ ಅನ್ನುತ್ತಾರೆ. ಮೊದಲ ಸಲ ಬಾಟಲಿ ಎತ್ತಿ ಬೆಳಕಿಗೆ ಹಿಡಿದಾಗ ಕಾಫಿ ಗಸಿಯ ಹಾಗೆ ಕಂಡಿತು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಗಸಿಯ ಒಂದೊಂದು ಕಣಕ್ಕೂ ಕಾಲು! ಇರುವೆ, ಮೈಟ್, ಸ್ಪ್ರಿಂಗ್‌ಟೇಲ್, ಬಾಲವಿಲ್ಲದ ಪುಟಾಣಿ ಚೇಳಿನಂಥದ್ದು, ಎಳ್ಳುಕಾಳಿನಷ್ಟೇ ಇರುವ ಬಸವನಹುಳು. ನಾನು ಆವತ್ತು ಊಟಕ್ಕೆ ಏಳಲಿಲ್ಲ.

ಹೆಕ್ಕುವುದು ವಾರದ ಕೆಲಸ, ಗುರುತಿಸುವುದು ವರ್ಷಗಳ ಕೆಲಸ. ಜೆಆರ್‌ಎಫ್, ಅಂದರೆ ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗುವ ಫೆಲೋಶಿಪ್, 2023ರಲ್ಲಿ ತಿಂಗಳಿಗೆ 37,000 ರೂಪಾಯಿ ಆಯಿತು, ಅದಕ್ಕೆ ಮೊದಲು 31,000 ಇತ್ತು. ಒಮ್ಮೆ ನನಗೆ ಏಳು ತಿಂಗಳು ಬರಲೇ ಇಲ್ಲ. ಅಪ್ಪನ ಹತ್ತಿರ ಬಸ್ ಚಾರ್ಜು ಕೇಳಿ ಕಾಡಿಗೆ ಹೋಗಿದ್ದೇನೆ. ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆ ಬಾಟಲಿಗಳಿಗೆ ಆಲ್ಕೋಹಾಲ್ ತುಂಬಿಸುವುದಕ್ಕೂ ದುಡ್ಡಿಲ್ಲ. ಒಣಗಿದರೆ ಎಲ್ಲ ಹೋಯಿತು. ದುಡ್ಡು ಕೊಡುತ್ತಾರಾ ಅಂತ ಕೇಳಿದರೆ, ಕೊಡುತ್ತಾರೆ. ಆದರೆ ತುಂಡು ತುಂಡಾಗಿ ಕೊಡುತ್ತಾರೆ. ಈ ಕೆಲಸಕ್ಕೆ ಬೇಕಾದದ್ದು ಸಣ್ಣ ಮೊತ್ತವೇ ಆದರೂ ನಿಲ್ಲದೆ ಬರುವ ದುಡ್ಡು.

ರೊಬಸ್ಟಾ_ರೈತ
ಏಳು ತಿಂಗಳು? ಇದು ತಪ್ಪು. ಕೂಲಿಯವರಿಗೆ ಏಳು ವಾರ ಬಾಕಿ ಇಟ್ಟರೆ ತೋಟ ನಡೆಯುತ್ತದಾ?

ಗೋಲಿಹುಳ
ನನ್ನ ಹೆಸರು ನೋಡಿದರೇ ಗೊತ್ತಾಗುತ್ತದೆ ನಾನು ಯಾರ ಪರ ಅಂತ 🙂 ಮುಟ್ಟಿದ ಕೂಡಲೇ ಗೋಲಿಯಂತೆ ಸುತ್ತಿಕೊಳ್ಳುವ ದಪ್ಪ ಸಹಸ್ರಪದಿ ತೋಟದಲ್ಲಿ ನೋಡಿರುತ್ತೀರಿ. ಆರ್ತ್ರೋಸ್ಫೇರಾ. ಮಂಗಳೂರು ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಇದರ ಹಿಂದೆ ಬಿದ್ದು ಅಭ್ಯಾಸ ಮಾಡಿದ್ದಾರೆ. ಇದು ತರಗೆಲೆ ತಿಂದು ಹಾಕುವ ಹಿಕ್ಕೆ ಒಳ್ಳೆಯ ಗೊಬ್ಬರ ಅಂತ ತೋರಿಸಿದ್ದಾರೆ. ನಮ್ಮ ತೋಟದಲ್ಲಿ ಕಳೆನಾಶಕ ನಿಲ್ಲಿಸಿದ ಮೂರನೇ ಮಳೆಗಾಲಕ್ಕೆ ಇವು ವಾಪಸ್ ಬಂದವು. ಒಂದು ಹುಳ ಹಿಡಿದು ಅಂಗೈ ಮೇಲೆ ಇಟ್ಟುಕೊಂಡು ಅಲ್ಲಾಡದೆ ನಿಲ್ಲಿ. ಎರಡು ನಿಮಿಷಕ್ಕೆ ಗೋಲಿ ಬಿರುಕು ಬಿಡುತ್ತದೆ, ಮೀಸೆ ಹೊರಗೆ ಬರುತ್ತದೆ, ಆಮೇಲೆ ಕಾಲುಗಳು ಅಲೆಯ ಹಾಗೆ.

ಮಂಜಿನೂರು
ನಮ್ಮಲ್ಲಿ ಒನಕೆಹುಳ ಅನ್ನುತ್ತೇವೆ ಅದಕ್ಕೆ.

ಗೋಲಿಹುಳ
ಇಲ್ಲ, ಒನಕೆಹುಳ ಉದ್ದಕ್ಕೆ ಇರುತ್ತದೆ, ಚಕ್ಕುಲಿಯಂತೆ ಸುತ್ತುತ್ತದೆ. ಇದು ಗಿಡ್ಡ, ಪೂರ್ತಿ ಗುಂಡಾಗುತ್ತದೆ. ಬೇರೆ ಬೇರೆ.

ಎರೆಮಣ್ಣು
ಎರೆಹುಳುವನ್ನು ಯಾಕೆ ಮರೆತಿರಿ? ಗೊಬ್ಬರದ ತೊಟ್ಟಿಗೆ ನಾವೆಲ್ಲ ದುಡ್ಡು ಕೊಟ್ಟು ತಂದು ಬಿಡುವ ಯೂಡ್ರಿಲಸ್ ಕೂಡ ಆಫ್ರಿಕಾದ್ದೇ. ತೋಟದ ಮಣ್ಣಿನಲ್ಲಿ ನಮ್ಮ ನಾಡ ಎರೆಹುಳುಗಳೂ ಇವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆ ಅವರು ದಶಕಗಳ ಕಾಲ ಎರೆಹುಳುವಿನ ಕೆಲಸ ಮಾಡಿದ್ದರಿಂದ ಇವತ್ತು ಹಳ್ಳಿ ಹಳ್ಳಿಯಲ್ಲಿ ಎರೆಗೊಬ್ಬರ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಮ್ಮ ನೆಂಟರ ಎರಡು ಎಕರೆ ಹೋಯಿತು. ಉಳಿದದ್ದು ಕೆಂಪು ಜೇಡಿ. ಎರಡು ವರ್ಷ ಗುದ್ದಲಿ ಹಾಕಿದರೆ ಒಂದು ಎರೆಹುಳುವೂ ಸಿಗಲಿಲ್ಲ. ಮೊದಲ ಎರೆಹಿಕ್ಕೆ ಕಂಡ ದಿನ ಅವರು ನನಗೆ ಫೋನ್ ಮಾಡಿದ್ದರು. ಮಣ್ಣಿಗೆ ಜೀವ ಬಂತು ಅಂತ ಅಳುತ್ತಿದ್ದರು.

ಶನಿವಾರಸಂತೆ_ತೋಟ
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ದೇವರಕಾಡು
ಕೊಡಗಿನಲ್ಲಿ 1,214 ದೇವರಕಾಡುಗಳು, ಒಟ್ಟು 2,550 ಹೆಕ್ಟೇರ್ ಅಂತ ಲೆಕ್ಕ. ಪೊನ್ನಂಪೇಟೆ ಅರಣ್ಯ ಕಾಲೇಜಿನವರೂ ಹೊರದೇಶದವರೂ ಸೇರಿ ಇಲ್ಲಿ ಮರ, ಹಕ್ಕಿ, ಅಣಬೆ ಮೂರನ್ನೂ ತೋಟದ ಜೊತೆ, ಕಾಡಿನ ಜೊತೆ ಹೋಲಿಸಿ ನೋಡಿದ್ದಾರೆ. ಹುಳಗಳನ್ನೂ ಅಷ್ಟೇ ವಿಸ್ತಾರವಾಗಿ ನೋಡಬೇಕು. ದೇವರಕಾಡಿನಲ್ಲಿ ಕೊಡಲಿ ಹಾಕುವ ಹಾಗಿಲ್ಲ, ತರಗು ಬಾಚುವ ಹಾಗಿಲ್ಲ. ನೆಲ ಹಾಗೇ ಉಳಿದಿದೆ. ಪಕ್ಕದ ಎಸ್ಟೇಟಿನಲ್ಲಿ ಕಳೆದುಹೋದದ್ದು ಇಲ್ಲಿ ಇದ್ದರೂ ಇರಬಹುದು.

ಕಕ್ಕಡ_ಮಳೆ
ಅಣಬೆ ಅಂದರೆ ನೆನಪಾಯಿತು. ಕುಮ್ಮು, ಅಂದರೆ ನಾವು ತಿನ್ನುವ ಅಣಬೆ, ಏಳುವುದೂ ಹುಳದಿಂದಲೇ ಅಲ್ವಾ? ಹುತ್ತ ಇದ್ದಲ್ಲೇ ಸಿಗುತ್ತದೆ ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ.

ತರಗೆಲೆ
ಹುತ್ತದ ಹತ್ತಿರ ಏಳುವ ಕುಮ್ಮುವಿನ ಮಟ್ಟಿಗೆ ನೂರಕ್ಕೆ ನೂರು ನಿಜ. ಗೆದ್ದಲು ನೆಲದಡಿ ಸಾಕುವ ಅಣಬೆ ಅದು, ಟರ್ಮಿಟೋಮೈಸಿಸ್. ಗೆದ್ದಲು ಕೃಷಿ ಮಾಡುತ್ತದೆ, ನಾವು ಕೊಯ್ಲು ಮಾಡುತ್ತೇವೆ. ಗೆದ್ದಲಿಗೆ ಅಂತ ಇಡೀ ತೋಟಕ್ಕೆ ಔಷಧ ಸುರಿದರೆ ಮುಂದಿನ ಮಳೆಗೆ ಕುಮ್ಮು ಇಲ್ಲ.

ಕಕ್ಕಡ_ಮಳೆ
ಇದನ್ನು ನಮ್ಮ ಚಿಕ್ಕಪ್ಪನಿಗೆ ಓದಿ ಹೇಳುತ್ತೇನೆ. ಹೋದ ವರ್ಷ ಸುರಿದಿದ್ದರು.

ರೊಬಸ್ಟಾ_ರೈತ
ನನ್ನ ವಾದ ಸ್ವಲ್ಪ ಬದಲಾಗಿದೆ, ಪೂರ್ತಿ ಅಲ್ಲ. ಹಾಗಾದರೆ ಇಷ್ಟೆಲ್ಲ ಕೆಲಸ ಆಗಿದ್ದರೂ ನಮಗೆ ಯಾಕೆ ಗೊತ್ತಾಗುವುದಿಲ್ಲ? ಆರು ವರ್ಷದ ಹಿಂದೆ ನಮ್ಮ ತೋಟಕ್ಕೆ ಮೂವರು ಬಂದು ಬಲೆ ಕಟ್ಟಿ ಹುಳ ಹಿಡಿದುಕೊಂಡು ಹೋದರು. ಕಾಫಿ ತಿಂಡಿ ಕೊಟ್ಟು, ಮಲಗುವುದಕ್ಕೆ ಜಾಗ ಕೊಟ್ಟೆವು. ಏನು ಸಿಕ್ಕಿತು ಅಂತ ಒಂದು ಪೋಸ್ಟ್‌ಕಾರ್ಡ್ ಕೂಡ ಬರಲಿಲ್ಲ. ಇದು ಸಾರ್ವಜನಿಕರ ದುಡ್ಡು ಅಂದರೆ ನಾನೂ ಸಾರ್ವಜನಿಕ ತಾನೇ?

ಚೀಲ_ಹೊತ್ತವಳು
ನಿಮ್ಮ ಮಾತಿಗೆ ನನ್ನ ಹತ್ತಿರ ಎದುರುತ್ತರ ಇಲ್ಲ. ನಾವು ಮಾಡುವ ದೊಡ್ಡ ತಪ್ಪು ಅದು. ಫಲಿತಾಂಶ ಇಂಗ್ಲಿಷ್ ಪತ್ರಿಕೆಗೆ ಹೋಗುತ್ತದೆ, ತೋಟದ ಯಜಮಾನರ ಹೆಸರು ಕೊನೆಯಲ್ಲಿ ಒಂದು ಧನ್ಯವಾದದ ಸಾಲಿನಲ್ಲಿ ಬರುತ್ತದೆ. ಅದನ್ನೂ ಅವರಿಗೆ ಕಳಿಸುವುದಿಲ್ಲ. ನಾನು ಈ ವರ್ಷದಿಂದ ಕನ್ನಡದಲ್ಲಿ ಎರಡು ಪುಟ ಬರೆದು ಪ್ರತಿ ತೋಟಕ್ಕೂ ಕೈಯಲ್ಲೇ ಕೊಡುತ್ತಿದ್ದೇನೆ.

ಹಳೇ_ಬೆಳೆಗಾರ
ಹೆಜ್ಜೇನಿನ ವಿಷಯದಲ್ಲೂ ಹಾಗೇ ಆಯಿತು. ಸ್ವಿಟ್ಜರ್ಲೆಂಡಿನ ಇಟಿಎಚ್ ಝೂರಿಕ್ ವಿಶ್ವವಿದ್ಯಾಲಯದವರು ಪೊನ್ನಂಪೇಟೆಯವರ ಜೊತೆ ಸೇರಿ ನಮ್ಮ ರೊಬಸ್ಟಾ ತೋಟಗಳಲ್ಲಿ ಪರಾಗಸ್ಪರ್ಶ ನೋಡಿದರು. ಹೆಜ್ಜೇನು, ತುಡುವೆ, ಮುಜಂಟಿ ಮೂರೂ ಹೂವಿಗೆ ಬರುತ್ತವೆ, ಮುಖ್ಯ ಕೆಲಸ ಹೆಜ್ಜೇನಿನದು. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹೂಮಳೆ ಆದ ವಾರದಲ್ಲಿ ಔಷಧ ಹೊಡೆಯುವವರು ಇದನ್ನು ಕೇಳಿದ್ದರೆ ಕೈ ತಡೆಯುತ್ತಿದ್ದರು. 1991ರಿಂದ ಜೇನುಮರಿ ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದು ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಇಪ್ಪತ್ತೆರಡು ಪೆಟ್ಟಿಗೆಯಲ್ಲಿ ಒಂದು ಉಳಿಯಿತು.

ಏರೋಪ್ಲೇನ್‌ಚಿಟ್ಟೆ
ಹಳೆಯ ಕಾಲದಲ್ಲೂ ಹುಳ ಗುರುತಿಸುವ ಪುಸ್ತಕ ಸರ್ಕಾರವೇ ತಂದದ್ದು. ಫ್ರೇಸರ್ ಅನ್ನುವ ಸೇನಾ ವೈದ್ಯರು ಕೊಡಗಿನ ಹಳ್ಳಗಳಲ್ಲೆಲ್ಲ ಏರೋಪ್ಲೇನ್ ಚಿಟ್ಟೆ ಹಿಡಿದು, 1933, 1934, 1936ರಲ್ಲಿ ಮೂರು ಸಂಪುಟ ತಂದರು. ಇವತ್ತಿಗೂ ನಾವು ಅದನ್ನೇ ತೆರೆಯುತ್ತೇವೆ.

ತರಗೆಲೆ
ಬಸವನಹುಳುವಿನ ಸಂಪುಟಗಳು ಇನ್ನೂ ಹಳೆಯವು. 1908, 1914, 1921. ನೂರು ವರ್ಷ ದಾಟಿದ ಪುಸ್ತಕ ಹಿಡಿದು ಇವತ್ತಿನ ಹುಳ ಗುರುತಿಸಬೇಕು. ಪಶ್ಚಿಮ ಘಟ್ಟದಲ್ಲಿ ಸುಮಾರು 270 ಪ್ರಭೇದದ ನೆಲದ ಬಸವನಹುಳುಗಳ ಪಟ್ಟಿ ಇದೆ, ಬಹುಪಾಲು ಇಲ್ಲಿಗೆ ಮಾತ್ರ ಸೇರಿದವು. ಉಡುಪಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಲೇ ಈ ಪಟ್ಟಿ ಕಟ್ಟುವುದರಲ್ಲಿ ದುಡಿದವರು ಮಧ್ಯಸ್ಥರು. ಇಂಥವರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬ ಬಸವನಹುಳು ತಜ್ಞ ಬರುವುದಿಲ್ಲ. ವರ್ಗೀಕರಣ ಕಲಿಸುವುದಕ್ಕೆ ಅಂತ ಕೇಂದ್ರ ಸರ್ಕಾರ 1999ರಲ್ಲಿ ಅಖಿಲ ಭಾರತ ಯೋಜನೆಯೊಂದನ್ನು ಶುರು ಮಾಡಿತು. ಅದರಲ್ಲಿ ತಯಾರಾದವರೇ ಇವತ್ತು ಹಲವು ಕಡೆ ಕೆಲಸ ಮಾಡುತ್ತಿದ್ದಾರೆ. ಅಂಥದ್ದು ಸತತವಾಗಿ ಇರಬೇಕು.

ಕುಶಾಲನಗರ_ಕಿಟ್ಟಿ
ಬೇರೆ ದೇಶದಲ್ಲಿ ಹೇಗೆ?

ಚೀಲ_ಹೊತ್ತವಳು
ಸ್ವೀಡನ್ ಸಂಸತ್ತು 2002ರಲ್ಲಿ ತಮ್ಮ ದೇಶದ ಎಲ್ಲ ಬಹುಕೋಶ ಜೀವಿಗಳನ್ನೂ ದಾಖಲಿಸಬೇಕು ಅಂತ ದುಡ್ಡು ಮಂಜೂರು ಮಾಡಿತು. 2003ರಿಂದ 2006ರವರೆಗೆ ಡೇರೆಯಂಥ ಬಲೆಗಳನ್ನು ದೇಶದ ಉದ್ದಗಲಕ್ಕೂ ನಿಲ್ಲಿಸಿದರು. ಹಿಡಿದದ್ದು ಮೂರು ವರ್ಷ, ವಿಂಗಡಣೆ ಅದಾದ ಮೇಲೂ ಎಷ್ಟೋ ವರ್ಷ ನಡೆಯಿತು. ನಮ್ಮಲ್ಲಿ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ 2024ರಲ್ಲಿ ಇಡೀ ದೇಶದ ಪ್ರಾಣಿಗಳ ಪಟ್ಟಿ ಹೊರತಂದಿದೆ. 1,04,561 ಪ್ರಭೇದಗಳು, ಅದರಲ್ಲಿ ಹೆಚ್ಚಿನವು ಕೀಟಗಳೇ. ಅವರ ಪ್ರಕಟಣೆಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಯಾರು ಬೇಕಾದರೂ ಓದಬಹುದು.

ಶನಿವಾರಸಂತೆ_ತೋಟ
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಮಗನೂ ನಾನೂ ಟಾರ್ಚ್ ಹಿಡಿದು ಹಳ್ಳದ ಬದಿಗೆ ಹೋದೆವು. ಗುಳಿಗೆ ಹಾಕಲಿಲ್ಲ, ಗ್ಲೌಸ್ ಹಾಕಿಕೊಂಡು ಕೈಯಲ್ಲೇ ಹೆಕ್ಕಿದೆವು. ಆಫ್ರಿಕನ್ 83. ಉಪ್ಪುನೀರಿನ ಬಕೆಟ್‌ಗೆ ಹಾಕಿದೆವು. ಕೆಂಪು ಒಂದೂ ಕಾಣಲಿಲ್ಲ. ಆದರೆ ಹಲಸಿನ ಮರದಲ್ಲಿ, ನನ್ನ ಎದೆಮಟ್ಟದಲ್ಲಿ, ಪಾಚಿಯ ನಡುವೆ ಬೇರೊಂದು ಕಂಡಿತು. ಚಿಪ್ಪು ಕಂದು, ಒಂದು ಬಿಳಿ ಗೆರೆ. ಫೋಟೊ ಮಂಜಾಗಿದೆ.

ತರಗೆಲೆ
ಗ್ಲೌಸ್ ಹಾಕಿದ್ದು ಒಳ್ಳೆಯದಾಯಿತು. ಆಫ್ರಿಕನ್ ಹುಳದಲ್ಲಿ ಮನುಷ್ಯರ ಮಿದುಳಿಗೆ ಕಾಯಿಲೆ ತರುವ ಇಲಿ ಶ್ವಾಸಕೋಶದ ಹುಳು ಇರಬಹುದು. ಬಿಳಿ ಗೆರೆಯದು ಮಂಜು ಫೋಟೊದಲ್ಲಿ ಗೊತ್ತಾಗುವುದಿಲ್ಲ. ಚಿಪ್ಪಿನ ಬಾಯಿ ಕಾಣುವ ಹಾಗೆ ಕೆಳಗಿನಿಂದ ಒಂದು, ಮೇಲಿನಿಂದ ಒಂದು ತೆಗೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ.

ಚೀಲ_ಹೊತ್ತವಳು
ಭಾನುವಾರ ನಾನೇ ಬರಲಾ? ನಾಲ್ಕು ಚೀಲ ಇವೆ. ಗುಳಿಗೆ ಹಾಕಿದ ಕಡೆ ಎರಡು ಚದರ ಮೀಟರ್, ಹಾಕದ ಕಡೆ ಎರಡು ಚದರ ಮೀಟರ್ ಬಿಟ್ಟಿಡಿ. ಅಲ್ಲಿಯವರೆಗೆ ತರಗು ಬಾಚಿಸಬೇಡಿ.

ಶನಿವಾರಸಂತೆ_ತೋಟ
ಬನ್ನಿ. ಹಗ್ಗ ಕಟ್ಟಿಸಿ ಇಡುತ್ತೇನೆ.

ರೊಬಸ್ಟಾ_ರೈತ
ನಾನೂ ಬರಬಹುದಾ? ಬಾಟಲಿಯ ಒಳಗಿನ ಗಸಿ ನೋಡಬೇಕು.

ಶನಿವಾರಸಂತೆ_ತೋಟ
ಖಂಡಿತ ಬನ್ನಿ. ಬೆಳಿಗ್ಗೆ ಎಂಟಕ್ಕೆ. ಹಳ್ಳದ ಬದಿ ಇಂಬಳ ಜಾಸ್ತಿ, ಹೊಗೆಸೊಪ್ಪು ಸುಣ್ಣ ತನ್ನಿ.